ಕೆಲಸ ಬಿಡದೆ ದೂರದ ಟ್ರಯಥ್ಲಾನ್: ದಾವಣಗೆರೆ ಕಡೆಯವರಿಗೊಂದು ಮಾರ್ಗದರ್ಶಿ

ಬೆಳಿಗ್ಗೆ ಓಡುವವರು, ಭಾನುವಾರ ಸೈಕಲ್ ತುಳಿಯುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಒಂಬತ್ತರಿಂದ ಆರರ ತನಕ ಕೆಲಸ, ಮನೇಲಿ ಮಕ್ಕಳು. ಇದರ ಮಧ್ಯೆ ಐರನ್‌ಮ್ಯಾನ್ ಮಾಡೋಕಾಗುತ್ತಾ ಸಾರ್?" ಆಗುತ್ತದೆ. ಆದರೆ ಅದರ ಬೆನ್ನಿಗೇ ಬರುವ ಎರಡನೇ ಪ್ರಶ್ನೆ, "ಯಾವ ಸೈಕಲ್ ತಗೊಳ್ಳಲಿ?" ಅಲ್ಲೇ ದಾರಿ ತಪ್ಪುತ್ತದೆ. ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಸೈಕಲ್‌ನಲ್ಲಲ್ಲ, ಈಜಿನಲ್ಲಿ. ಅದು ದಾಟಿದರೆ ಕ್ಯಾಲೆಂಡರ್‌ನಲ್ಲಿ. ಈ ಬರಹದಲ್ಲಿ ಅವೆರಡಕ್ಕೆ ಮೊದಲ ಜಾಗ, ಸೈಕಲ್ಲಿಗೆ ಆಮೇಲೆ.

ಹಂತ 1: ದೂರ ಯಾವುದು, ಯಾವ ವರ್ಷ ಅಂತ ತೀರ್ಮಾನಿಸಿ

ಟ್ರಯಥ್ಲಾನ್ ಅಂದರೆ ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಗಡಿಯಾರ ಎಲ್ಲೂ ನಿಲ್ಲುವುದಿಲ್ಲ. ನಡುವೆ ಶೂ ಹಾಕಿಕೊಳ್ಳುವ, ಹೆಲ್ಮೆಟ್ ಕಟ್ಟಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ದೂರಗಳು ಹೀಗಿವೆ:

ಸ್ಪ್ರಿಂಟ್: 750 ಮೀಟರ್ ಈಜು, 20 ಕಿ.ಮೀ ಸೈಕಲ್, 5 ಕಿ.ಮೀ ಓಟ.
ಒಲಿಂಪಿಕ್: 1.5 ಕಿ.ಮೀ, 40 ಕಿ.ಮೀ, 10 ಕಿ.ಮೀ. ಸಿಡ್ನಿಯ 2000ದ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸೇರಿಸಿದ್ದು ಇದೇ ದೂರ.
ಹಾಫ್: 1.9 ಕಿ.ಮೀ, 90 ಕಿ.ಮೀ, 21.1 ಕಿ.ಮೀ. ಮೂರನ್ನೂ ಕೂಡಿಸಿದರೆ 70.3 ಮೈಲಿ. ಅದಕ್ಕೇ ಇದನ್ನು 70.3 ಅಂತಲೂ ಕರೆಯುತ್ತಾರೆ.
ಫುಲ್: 3.8 ಕಿ.ಮೀ, 180 ಕಿ.ಮೀ, 42.2 ಕಿ.ಮೀ.

ಐರನ್‌ಮ್ಯಾನ್ ಅನ್ನುವುದು ಸ್ಪರ್ಧೆ ನಡೆಸುವ ಕಂಪನಿಯ ಹೆಸರು. ಜನ ಫುಲ್ ದೂರಕ್ಕೇ ಆ ಹೆಸರು ಹೇಳುತ್ತಾರೆ, ಅಷ್ಟೆ. 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಇವತ್ತು ಫುಲ್ ಮುಗಿಸಲು ಸಾಮಾನ್ಯವಾಗಿ 17 ಗಂಟೆ ಕೊಡುತ್ತಾರೆ.

ನನ್ನ ಸಲಹೆ ಇಷ್ಟು: ಮೊದಲ ಗುರಿ ಹಾಫ್ ಇರಲಿ. ಕೆಲಸ ಇಟ್ಟುಕೊಂಡು ನೇರವಾಗಿ ಫುಲ್‌ಗೆ ಹೊರಟವರು ಆರೇಳು ತಿಂಗಳಿಗೆ ಮನೆಯವರ ಮುಖ ನೋಡಲಾಗದೆ ಬಿಟ್ಟುಬಿಡುತ್ತಾರೆ. ಹಾಫ್ ಒಂದು ಮುಗಿಸಿ, ಒಂದು ತಿಂಗಳು ಆರಾಮ ಮಾಡಿ, ಮುಂದಿನ ವರ್ಷ ಫುಲ್ ಯೋಚಿಸಿ.

ನಮಗೆ ಹತ್ತಿರದ ದೊಡ್ಡ ಸ್ಪರ್ಧೆ ಗೋವಾದ್ದು. 2019ರಲ್ಲಿ ಶುರುವಾದ ಈ 70.3 ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್ ಹೊತ್ತಿಗೆ ನಡೆಯುತ್ತದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಸಂಕ್ರಾಂತಿ ಮುಗಿಸಿ ಶುರು ಮಾಡಿದರೆ ಒಂಬತ್ತು ತಿಂಗಳು ಸಿಗುತ್ತದೆ. ಈಗಾಗಲೇ 5 ಕಿ.ಮೀ ನಿಲ್ಲದೆ ಓಡುವವರಿಗೆ ಅದು ಸಾಕು. ಏನೂ ಮಾಡದವರು ಅದರ ಹಿಂದಿನ ಗಣೇಶ ಹಬ್ಬದಿಂದ ಬರೀ ನಡಿಗೆ, ಓಟ ಶುರು ಮಾಡಲಿ.

ಕಟ್ ಆಫ್ ಅನ್ನುವ ಮಾತು ಈಗಲೇ ತಿಳಿದಿರಲಿ. ಇಷ್ಟು ಹೊತ್ತಿನೊಳಗೆ ಇಲ್ಲಿಗೆ ಬರದಿದ್ದರೆ ಹೊರಗೆ ಕಳಿಸುತ್ತಾರೆ ಅಂತ ಅರ್ಥ. ಹಾಫ್‌ನ ಈಜಿಗೆ ಸಾಮಾನ್ಯವಾಗಿ 1 ಗಂಟೆ 10 ನಿಮಿಷ, ಒಟ್ಟು ಸ್ಪರ್ಧೆಗೆ ಸುಮಾರು ಎಂಟೂವರೆ ಗಂಟೆ. ನೀವು ಹೆಸರು ಕೊಡುವ ಸ್ಪರ್ಧೆಯ ಕೈಪಿಡಿಯಲ್ಲಿ ಇದನ್ನೇ ಮೊದಲು ಓದಿ.

ಹಂತ 2: ಡಾಕ್ಟರ್, ಮನೆ, ಆಫೀಸು

ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಇಸಿಜಿ. ಇಷ್ಟು ಮಾಡಿಸಿ. 40 ದಾಟಿದವರು, ಸಿಗರೇಟು ಸೇದಿದವರು, ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದವರು ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನೇ ಕೇಳಿ. ದಾವಣಗೆರೆಯಲ್ಲಿ ಆಸ್ಪತ್ರೆಗೇನೂ ಬರ ಇಲ್ಲ. ಇದನ್ನು ಮುಂದಕ್ಕೆ ಹಾಕಬೇಡಿ.

ಮನೆಯಲ್ಲಿ ಗಂಟೆಯ ಲೆಕ್ಕ ಸರಿಯಾಗಿ ಹೇಳಿ. "ದಿನಾ ಸ್ವಲ್ಪ ಎಕ್ಸರ್‌ಸೈಜ್" ಅಂದು ಶುರು ಮಾಡಿ, ಆಗಸ್ಟ್‌ನಲ್ಲಿ ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಮನೆಗೆ ಬಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಮೊದಲ ತಿಂಗಳು ವಾರಕ್ಕೆ 5–6 ಗಂಟೆ, ನಡುವೆ 7–8, ಸ್ಪರ್ಧೆಗೆ ಮುಂಚಿನ ಎರಡು ತಿಂಗಳು 10 ಗಂಟೆ ಹತ್ತಿರ. ಇದನ್ನು ಕ್ಯಾಲೆಂಡರಿನ ಮೇಲೆ ಬರೆದು ತೋರಿಸಿ. ಮದುವೆ, ಗೃಹಪ್ರವೇಶ, ಮಕ್ಕಳ ಪರೀಕ್ಷೆ ಎಲ್ಲ ಅದರಲ್ಲೇ ಗುರುತು ಹಾಕಿ. ದುಗ್ಗಮ್ಮನ ಜಾತ್ರೆ ಬರುವ ವರ್ಷವಾದರೆ ಆ ವಾರ ಮನೆ ತುಂಬ ನೆಂಟರು. ಅದನ್ನು ಈಗಲೇ ವಿಶ್ರಾಂತಿ ವಾರ ಅಂತ ಬರೆದುಬಿಡಿ, ಜಗಳ ಉಳಿಯುತ್ತದೆ.

ಹಂತ 3: ಮೊದಲು ಈಜು

2015ರಲ್ಲಿ ಮಿಲಿಂದ್ ಸೋಮನ್ 49ನೇ ವಯಸ್ಸಿನಲ್ಲಿ ಜ್ಯೂರಿಕ್‌ನಲ್ಲಿ ಫುಲ್ ಮುಗಿಸಿದ ಮೇಲೆ ಈ ಆಟದ ಹೆಸರು ನಮ್ಮ ದೇಶದಲ್ಲಿ ಮನೆಮನೆಗೂ ಗೊತ್ತಾಯಿತು. "ಅವರ ವಯಸ್ಸಿಗೆ ಆಗುತ್ತೆ ಅಂದ್ರೆ ನಮಗಾಗಲ್ವಾ" ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಅವರು ಹರೆಯದಲ್ಲಿ ರಾಷ್ಟ್ರ ಮಟ್ಟದ ಈಜುಗಾರ. ನಾವು ನೀವು ಹಾಗಲ್ಲ.

ನಮ್ಮಲ್ಲಿ ಎರಡು ಥರದವರಿದ್ದಾರೆ. ಒಂದು, ಈಜು ಬರದವರು. ಎರಡು, ಊರಿನ ಬಾವಿಯಲ್ಲಿ ಬೆನ್ನಿಗೆ ಬುರುಡೆನೋ ಬೆಂಡೋ ಕಟ್ಟಿಕೊಂಡು ಕಲಿತವರು. ಕಷ್ಟ ಜಾಸ್ತಿ ಎರಡನೆಯವರಿಗೆ. ನೀರಿನ ಹೆದರಿಕೆ ಇಲ್ಲ, ಅದು ನಿಜವಾಗಿಯೂ ದೊಡ್ಡದು. ಆದರೆ ಬಾವಿ ಈಜಿನಲ್ಲಿ ತಲೆ ಸದಾ ನೀರಿನ ಮೇಲೆ. ತಲೆ ಎತ್ತಿದರೆ ಸೊಂಟ, ಕಾಲು ಕೆಳಗೆ ಇಳಿಯುತ್ತವೆ. ಇಳಿದ ಕಾಲನ್ನು ಮೇಲೆತ್ತಲು ಜೋರಾಗಿ ಬಡಿಯಬೇಕು. ಬಡಿದರೆ ಉಸಿರು ಮುಗಿಯುತ್ತದೆ. ಹೀಗೆ 100 ಮೀಟರ್ ಹೋಗಬಹುದು, 1,900 ಮೀಟರ್ ಆಗುವುದಿಲ್ಲ. ಹೋದರೂ ಸೈಕಲ್ ತುಳಿಯಲು ಕಾಲೇ ಇರಲ್ಲ.

ನೀವು ಕಲಿಯಬೇಕಾದ್ದು ಫ್ರೀಸ್ಟೈಲ್: ಬೋರಲಾಗಿ ಮಲಗಿ, ಮುಖ ನೀರಿನೊಳಗೆ, ಒಂದೊಂದೇ ಕೈ ಮುಂದಕ್ಕೆ. ಹೊಸಬರು ಮಾಡುವ ತಪ್ಪುಗಳಲ್ಲಿ ಮೊದಲನೆಯದು ಉಸಿರು ಹಿಡಿಯುವುದು. ಮುಖ ನೀರಿನಲ್ಲಿದ್ದಾಗ ಮೂಗು, ಬಾಯಿಂದ ಗುಳುಗುಳು ಅಂತ ಉಸಿರು ಬಿಡುತ್ತಲೇ ಇರಬೇಕು. ಬಾಯಿ ಹೊರಗೆ ಬಂದಾಗ ಬರೀ ತಗೊಳ್ಳುವ ಕೆಲಸ ಉಳಿಯಬೇಕು. ಹೊರಗೆ ಬಂದ ಮೇಲೆ ಬಿಟ್ಟು, ಅಲ್ಲೇ ತಗೊಳ್ಳಲು ಹೋದರೆ ಹೊತ್ತು ಸಾಲದೆ ನೀರು ಕುಡಿಯುತ್ತೀರಿ. ಮೊದಲ ಒಂದು ವಾರ ಕೊಳದ ಅಂಚು ಹಿಡಿದುಕೊಂಡು ಇದೊಂದನ್ನೇ ಮಾಡಿ. ಪಕ್ಕದಲ್ಲಿ ಚಿಕ್ಕ ಹುಡುಗರು ನಗುತ್ತಾರೆ, ನಗಲಿ.

ಎರಡನೆಯ ತಪ್ಪು, ಮುಖವನ್ನು ಮುಂದಕ್ಕೆ ಎತ್ತಿ ಉಸಿರಾಡುವುದು. ತಲೆ ಎತ್ತಬೇಡಿ, ಪಕ್ಕಕ್ಕೆ ತಿರುಗಿಸಿ. ಒಂದು ಕಿವಿ ನೀರಿನಲ್ಲೇ ಇರಲಿ.

25 ಮೀಟರ್ ಕೊಳದಲ್ಲಿ 1.9 ಕಿ.ಮೀ ಅಂದರೆ 76 ಸಲ ಈ ಕಡೆಯಿಂದ ಆ ಕಡೆಗೆ. ಅದನ್ನು ಮೊದಲ ದಿನವೇ ನೆನೆಸಬೇಡಿ. ಮೊದಲ ತಿಂಗಳು 25 ಮೀಟರ್ ಹೋಗಿ ನಿಲ್ಲಿ, ಉಸಿರು ಇಳಿದ ಮೇಲೆ ಮತ್ತೆ 25. ಎರಡು, ಎರಡೂವರೆ ತಿಂಗಳಿಗೆ 100 ಮೀಟರ್ ನಿಲ್ಲದೆ. ನಾಲ್ಕೈದು ತಿಂಗಳಿಗೆ 400. ಅದು ಬಂದ ಮೇಲೆ 1,000 ತಾನಾಗಿ ಬರುತ್ತದೆ. ಕಟ್ ಆಫ್ ಲೆಕ್ಕದಲ್ಲಿ 100 ಮೀಟರಿಗೆ 3 ನಿಮಿಷ 40 ಸೆಕೆಂಡ್ ಸಿಗುತ್ತದೆ. ಕೊಳದಲ್ಲಿ 3 ನಿಮಿಷದೊಳಗೆ ಬರುವಂತೆ ನೋಡಿಕೊಳ್ಳಿ. ಸಮುದ್ರದಲ್ಲಿ ನೇರವಾಗಿ ಹೋಗುವುದಿಲ್ಲ, ದೂರ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರದ ಮಕ್ಕಳಿಂದ ಕೊಳ ತುಂಬಿ ತುಳುಕುತ್ತದೆ. ಉದ್ದಕ್ಕೆ ಈಜಲು ಜಾಗವೇ ಸಿಗಲ್ಲ. ಆದ್ದರಿಂದ ಜನವರಿಯಲ್ಲೇ ಸೇರಿ, ಬೆಳಗಿನ ಮೊದಲ ಬ್ಯಾಚ್ ಹಿಡಿಯಿರಿ. ವಾರದ ರಜೆ ಯಾವತ್ತು, ಹೆಂಗಸರ ಬ್ಯಾಚ್ ಯಾವ ಹೊತ್ತಿಗೆ, ಇದನ್ನೆಲ್ಲ ಹಣ ಕಟ್ಟುವ ಮೊದಲೇ ಕೇಳಿ.

ಈಗ ಎಚ್ಚರಿಕೆಯ ಮಾತು. ಕೊಳ ಸಿಗಲಿಲ್ಲ ಅಂತ ಭದ್ರಾ ನಾಲೆಗೆ ಇಳಿಯಬೇಡಿ. ಮೇಲಿಂದ ನೋಡಲು ಸುಮ್ನೆ ಹರಿಯುವಂತೆ ಕಾಣುತ್ತದೆ. ಒಳಗೆ ಸೆಳೆತ ಇರುತ್ತದೆ, ಪಕ್ಕದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಈಜು ಚೆನ್ನಾಗಿ ಬರುವವರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಕುಂದವಾಡ ಕೆರೆ ಕುಡಿಯುವ ನೀರಿನದು, ಇಳಿಯುವ ಹಾಗಿಲ್ಲ. ಹರಿಹರದ ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳಿರುತ್ತವೆ. ಸೂಳೆಕೆರೆಯ ನೀರು ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಆದರೆ ಒಬ್ಬರೇ, ಅನುಮತಿ ಇಲ್ಲದೆ, ದೋಣಿ ಇಲ್ಲದೆ ಬೇಡ. ತೆರೆದ ನೀರಿನ ಅಭ್ಯಾಸಕ್ಕೆ ಸ್ಪರ್ಧೆಗೆ ಒಂದೆರಡು ತಿಂಗಳ ಮುಂಚೆ ಜೀವರಕ್ಷಕರಿರುವ ಕಡೆ, ತರಬೇತುದಾರರ ಜೊತೆ ಹೋಗಿ ಬನ್ನಿ. ಅಲ್ಲಿ ಕಲಿಯಬೇಕಾದ್ದು ಸೈಟಿಂಗ್. ಈಜುತ್ತಲೇ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆ ತಂದು ತೇಲುಗುರುತು ಎಲ್ಲಿದೆ ಅಂತ ನೋಡಿಕೊಳ್ಳುವುದು. ಕೊಳದ ತಳದಲ್ಲಿ ಕಪ್ಪು ಗೆರೆ ದಾರಿ ತೋರಿಸುತ್ತದೆ. ಸಮುದ್ರದಲ್ಲಿ ಗೆರೆ ಎಳೆದಿರುವವರು ಯಾರು?

ದುಡ್ಡು ಕೊಟ್ಟು ವೆಟ್‌ಸೂಟ್, ಅಂದರೆ ಮೈಗೆ ಅಂಟಿಕೊಳ್ಳುವ ರಬ್ಬರಿನ ಈಜುಡುಗೆ, ತರಿಸಬೇಡಿ. ತಣ್ಣೀರಿನ ದೇಶದವರಿಗೆ ಅದು. ಐರನ್‌ಮ್ಯಾನ್ ನಿಯಮದ ಪ್ರಕಾರ ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ಅದನ್ನು ಹಾಕಿ ಈಜಿದವರಿಗೆ ಬಹುಮಾನದ ಲೆಕ್ಕ ಇಲ್ಲ. ನಮ್ಮ ಕರಾವಳಿಯ ನೀರು ಅದಕ್ಕಿಂತ ಬೆಚ್ಚಗೇ ಇರುತ್ತದೆ.

ಹಂತ 4: ವಾರವನ್ನು ಕೂಡಿಸಿ

ಬೆಳಿಗ್ಗೆ ಹೊತ್ತು ಒಂದೇ ನಿಮ್ಮದು. ಸಂಜೆ ಮೀಟಿಂಗ್ ಬರುತ್ತದೆ, ನೆಂಟರು ಬರುತ್ತಾರೆ, ಮಳೆ ಬರುತ್ತದೆ. ನಡು ತಿಂಗಳುಗಳ ಒಂದು ಮಾದರಿ ವಾರ ಇದು:

ಸೋಮವಾರ: ರಜೆ. ಭಾನುವಾರದ ದಣಿವು, ಸೋಮವಾರದ ಆಫೀಸು ಎರಡೂ ಸೇರಿದ ದಿನ ಅಭ್ಯಾಸ ಇಟ್ಟರೆ ಅದು ಹೇಗಿದ್ದರೂ ತಪ್ಪುತ್ತದೆ.
ಮಂಗಳವಾರ: ಈಜು, 1 ಗಂಟೆ.
ಬುಧವಾರ: ಓಟ, 45 ನಿಮಿಷ.
ಗುರುವಾರ: ಈಜು 1 ಗಂಟೆ. ಸಂಜೆ ಆದರೆ ಬಸ್ಕಿ, ಪ್ಲ್ಯಾಂಕ್ ಥರದ್ದು 20–30 ನಿಮಿಷ.
ಶುಕ್ರವಾರ: ಸೈಕಲ್, 1 ಗಂಟೆ.
ಶನಿವಾರ: ಉದ್ದದ ಓಟ, 1 ಗಂಟೆಯಿಂದ ಒಂದೂವರೆ.
ಭಾನುವಾರ: ಉದ್ದದ ಸೈಕಲ್, ಎರಡೂವರೆ ಗಂಟೆಯಿಂದ ಶುರು.

ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಉದ್ದದ ಸೈಕಲ್ ಆ ಶನಿವಾರಕ್ಕೆ ಹಾಕಿಕೊಂಡರೆ ಭಾನುವಾರ ಮನೆಗೆ ಸಿಗುತ್ತದೆ. ಪಾಳಿ ಕೆಲಸದವರು ವಾರದ ಹೆಸರು ಮರೆತು, ಅಭ್ಯಾಸದ ಸಂಖ್ಯೆ ಹಿಡಿಯಿರಿ: ವಾರಕ್ಕೆ ಎರಡು ಈಜು, ಎರಡು ಓಟ, ಎರಡು ಸೈಕಲ್. ರಾತ್ರಿ ಪಾಳಿ ಮುಗಿಸಿ ನೇರವಾಗಿ ಸೈಕಲ್ ಹತ್ತಿ ರಸ್ತೆಗೆ ಇಳಿಯಬೇಡಿ. ಮೊದಲು ನಿದ್ದೆ.

ಒಂದು ದಿನ ತಪ್ಪಿದರೆ ತಪ್ಪಿತು. ಬುಧವಾರದ್ದನ್ನೂ ಗುರುವಾರಕ್ಕೆ ಸೇರಿಸಿ ಎರಡರಷ್ಟು ಮಾಡುವುದು ಈ ಆಟದಲ್ಲಿ ಪೆಟ್ಟು ಮಾಡಿಕೊಳ್ಳುವ ಸುಲಭ ದಾರಿ. ಒಂದೇ ವಾರದಲ್ಲಿ ಎರಡು ಮೂರು ತಪ್ಪಿದರೆ ಬಿಡಬಾರದ್ದು ಈಜು, ಉದ್ದದ ಸೈಕಲ್. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಆ ಇಳಿಸಿದ ವಾರದಲ್ಲೇ ಮೈ ಗಟ್ಟಿಯಾಗುವುದು.

ವೇಗದ ಬಗ್ಗೆ ಒಂದೇ ಮಾತು: ನಿಧಾನ. ಅಭ್ಯಾಸದ ಬಹುಪಾಲು ಮಾತಾಡುತ್ತಾ ಹೋಗುವಷ್ಟು ಹಗುರವಾಗಿರಬೇಕು. ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲಾಗದಿದ್ದರೆ ನೀವು ಜೋರಾಗಿದ್ದೀರಿ. ಕೈಗಡಿಯಾರ ತೋರಿಸುವ ಎದೆಬಡಿತದ ವಲಯಗಳು 220ರಲ್ಲಿ ವಯಸ್ಸು ಕಳೆದು ಹಾಕಿದ ಅಂದಾಜು. ಕೆಲವರಿಗೆ ಹತ್ತು ಹದಿನೈದು ಬಡಿತ ಆಚೀಚೆ ಆಗುತ್ತದೆ. ಮಾತಿನ ಪರೀಕ್ಷೆಯನ್ನೇ ನಂಬಿ. ಜೋರು ಅಭ್ಯಾಸ ವಾರಕ್ಕೊಂದು ಸಾಕು, ಅದೂ ಮೊದಲ ಮೂರು ತಿಂಗಳಾದ ಮೇಲೆ.

ಮತ್ತೆ ನಿದ್ದೆ. ನಾಲ್ಕೂಮುಕ್ಕಾಲಿಗೆ ಏಳಬೇಕಾದರೆ ಹತ್ತರೊಳಗೆ ಮಲಗಬೇಕು. ರಾತ್ರಿ ಹನ್ನೆರಡರವರೆಗೆ ಫೋನ್ ನೋಡುತ್ತಾ ಇದನ್ನು ಮಾಡಲು ಆಗಲ್ಲ.

ಹಂತ 5: ಸೈಕಲ್

ಇರುವ ಸೈಕಲ್‌ನಲ್ಲೇ ಮೂರು ತಿಂಗಳು ತುಳಿಯಿರಿ. ಆಮೇಲೂ ಆಸೆ ಉಳಿದಿದ್ದರೆ ರೋಡ್ ಬೈಕ್ ಕೊಳ್ಳಿ, ಅಂದರೆ ಸಣ್ಣ ಟೈರಿನ, ಹ್ಯಾಂಡಲ್ ಕೆಳಗೆ ಬಾಗಿದ ಸೈಕಲ್. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಬಣ್ಣ, ಕಂಪನಿಗಿಂತ ಅಳತೆ ಮುಖ್ಯ. ಸೀಟಿನ ಎತ್ತರಕ್ಕೆ ಒಂದು ಸುಲಭ ಪರೀಕ್ಷೆ: ಗೋಡೆಗೆ ಒರಗಿ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಡಿ. ಕಾಲು ನೇರವಾಗಬೇಕು, ಸೊಂಟ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಇಡುವುದರಿಂದ ಮಂಡಿ ಬೇಕಾದಷ್ಟು ಬಾಗುತ್ತದೆ. ಮಂಡಿಯ ಮುಂಭಾಗ ನೋವು ಬಂದರೆ ಮೊದಲು ನೋಡಬೇಕಾದ್ದು ಸೀಟು ತೀರ ತಗ್ಗಾಗಿದೆಯಾ ಅಂತ.

ರೋಡ್ ಬೈಕಿನ ಟ್ಯೂಬ್ ನಮ್ಮ ರಸ್ತೆಬದಿ ಪಂಕ್ಚರ್ ಅಂಗಡಿಯವರಿಗೆ ಹೊಸದು. ಅದರ ವಾಲ್ವ್ ಬೆರಳಿಗಿಂತ ಸಣ್ಣ, ತುದಿಯಲ್ಲಿ ತಿರುಗಿಸಿ ಬಿಚ್ಚುವ ಪುಟ್ಟ ಸ್ಕ್ರೂ ಇರುತ್ತದೆ. ಪ್ರೆಸ್ಟಾ ವಾಲ್ವ್ ಅಂತ ಹೆಸರು. ಬೈಕು, ಕಾರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಬಾಯಿ ಅದಕ್ಕೆ ಕೂರುವುದಿಲ್ಲ. ಅಂಗಡಿಯ ಹುಡುಗ ಒತ್ತಿ ಒತ್ತಿ ನೋಡುತ್ತಾನೆ, ಗಾಳಿ ಪುಸ್ ಅಂತ ಹೊರಗೆ ಹೋಗುತ್ತದೆ, ಕೊನೆಗೆ ಸ್ಕ್ರೂ ಬಾಗುತ್ತದೆ. ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದು ಸಿಗುತ್ತದೆ, ಬಹಳ ಅಗ್ಗ. ಸ್ಕ್ರೂ ಸಡಿಲಿಸಿ ಅದನ್ನು ಮೇಲೆ ತಿರುಗಿಸಿದರೆ ಯಾವ ಅಂಗಡಿಯ ಗಾಳಿಯೂ ಆಗುತ್ತದೆ. ಸೀಟಿನ ಕೆಳಗಿನ ಚೀಲದಲ್ಲಿ ಅದು, ಎರಡು ಟ್ಯೂಬ್, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಕೈಪಂಪ್ ಕಾಯಂ ಇರಲಿ. ಟ್ಯೂಬ್ ಬದಲಿಸುವುದನ್ನು ಮನೆಯ ಜಗಲಿ ಮೇಲೆ ಕೂತು ಕಲಿಯಿರಿ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ. ಜಾಲಿ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹತ್ತು ನಿಮಿಷಕ್ಕೆ ಹೊಸದೂ ಪಂಕ್ಚರ್.

ರಸ್ತೆಯ ವಿಷಯ. ರಾಷ್ಟ್ರೀಯ ಹೆದ್ದಾರಿ 48ರ ಮುಖ್ಯ ರಸ್ತೆಗೆ ಹತ್ತಬೇಡಿ, ಸರ್ವಿಸ್ ರಸ್ತೆ ಸಾಕು. ಹದಡಿ, ತ್ಯಾವಣಿಗೆ, ಸಂತೇಬೆನ್ನೂರು ದಿಕ್ಕು ಉದ್ದದ ಸವಾರಿಗೆ ಚೆನ್ನ. ಗದ್ದೆ, ತೋಟದ ನೆರಳು, ಲಾರಿ ಕಡಿಮೆ. ಸಂತೇಬೆನ್ನೂರಿನ ಪುಷ್ಕರಣಿ ತನಕ ಹೋಗಿ ಬಂದರೆ ಒಳ್ಳೆಯ ಭಾನುವಾರ. ಏರು ಬೇಕು ಅನ್ನುವವರು ಕೊಂಡಜ್ಜಿ ಗುಡ್ಡದ ಕಡೆ ನೋಡಿ. ಚಿತ್ರದುರ್ಗದವರಿಗೆ ಜೋಗಿಮಟ್ಟಿ ಇದೆ. ಅದು ಅರಣ್ಯ, ಗೇಟಿನ ಹೊತ್ತು ಕೇಳಿಕೊಂಡು ಹೋಗಿ.

ಗಾಳಿ ನಮ್ಮ ಕಡೆಯ ಬೆಟ್ಟ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ಜೋರು. ಆ ತಿಂಗಳುಗಳಲ್ಲಿ ಹೋಗುವಾಗ ಹರಿಹರದ ಕಡೆ ಎದುರು ಗಾಳಿಗೆ ಹೋಗಿ, ಬರುವಾಗ ಬೆನ್ನಿಗೆ ಗಾಳಿ ಸಿಗಲಿ. ಉಲ್ಟಾ ಮಾಡಿದರೆ ಚಿತ್ರದುರ್ಗದ ಕಡೆ ಹಾರಿಕೊಂಡು ಹೋಗುತ್ತೀರಿ, ವಾಪಸು ಬರುವಾಗ ಗಂಟೆಗೆ 16 ಕಿ.ಮೀ ಬಂದರೆ ಪುಣ್ಯ. ಆದರೆ ಎದುರು ಗಾಳಿಯಲ್ಲಿ ಒಂದೇ ಹದದಲ್ಲಿ ತುಳಿಯಲು ಕಲಿತವರಿಗೆ ಸ್ಪರ್ಧೆಯ 90 ಕಿ.ಮೀ ಹೆದರಿಸುವುದಿಲ್ಲ. ಗೇರ್ ಹಗುರ ಮಾಡಿ, ಕಾಲು ನಿಮಿಷಕ್ಕೆ 80–90 ಸುತ್ತು ತಿರುಗಲಿ. ಬೇರೆಯವರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದಕ್ಕೆ ಡ್ರಾಫ್ಟಿಂಗ್ ಅನ್ನುತ್ತಾರೆ. ದೂರದ ಟ್ರಯಥ್ಲಾನ್‌ನಲ್ಲಿ ಅದು ನಿಷಿದ್ಧ, ದಂಡದ ಹೊತ್ತು ಹಾಕುತ್ತಾರೆ. ಗುಂಪಿನಲ್ಲೇ ತುಳಿದು ರೂಢಿಯಾದವರು ಆಗಾಗ ಒಬ್ಬರೇ ಮುಂದೆ ತುಳಿದು ನೋಡಿ.

ಸುಗ್ಗಿಯ ಹೊತ್ತಿಗೆ ಇನ್ನೊಂದು ಅಪಾಯ. ಅಕ್ಟೋಬರ್ ನಂತರ ರಸ್ತೆ ಪಕ್ಕ ಮೆಕ್ಕೆಜೋಳ ಹರವಿರುತ್ತಾರೆ. ಸಣ್ಣ ಟೈರು ಆ ಕಾಳಿನ ಮೇಲೆ ಹತ್ತಿದರೆ ನೇರವಾಗಿ ನೆಲಕ್ಕೆ. ಒಕ್ಕಣೆಗೆ ರಸ್ತೆಗೇ ಹಾಸಿದ ಹುಲ್ಲು, ಕಡ್ಡಿ ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ದಾಟಿ, ರೈತರ ಜೊತೆ ವಾದ ಬೇಡ. ಹಿಂದೀಪ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್, ಬಣ್ಣ ಬಳಿಯದ ಹಂಪು, ಹಳ್ಳಿ ಬಾಗಿಲ ನಾಯಿ ಇವು ವರ್ಷಪೂರ್ತಿ ಇರುವಂಥವು. ಬೆಳಕು ಹರಿಯುವ ಮೊದಲು ಹೊರಟರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಹೆಲ್ಮೆಟ್ ಇಲ್ಲದೆ ಒಂದು ಬೀದಿಯೂ ಬೇಡ. ಕಿವಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ.

ಹಂತ 6: ಓಟ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಓಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಕಾಂಕ್ರೀಟ್ ರಸ್ತೆ ಬಿಟ್ಟು ಮಣ್ಣು ಹಿಡಿಯಿರಿ. ಹೈಸ್ಕೂಲ್ ಮೈದಾನ, ಕುಂದವಾಡ ಕೆರೆಯ ಸುತ್ತಿನ ದಾರಿ ಎರಡೂ ಚೆನ್ನಾಗಿವೆ. ಉದ್ದದ ಓಟ 6 ಕಿ.ಮೀನಿಂದ ಶುರು ಮಾಡಿ, ಸ್ಪರ್ಧೆಗೆ ಒಂದು ತಿಂಗಳಿರುವಾಗ 17–18 ಕಿ.ಮೀ ತಲುಪಿದರೆ ಸಾಕು. ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸಬೇಡಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಜಾಗ ಒತ್ತಿದರೆ ನೋವು ಅಂದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಆಗಲೂ ಈಜು ಮಾಡಬಹುದು ತಾನೇ. ಏಪ್ರಿಲ್, ಮೇನಲ್ಲಿ ಏಳು ಗಂಟೆಗೇ ಬಿಸಿಲು ಚುರುಕು. ಐದೂವರೆಗೆ ಓಡುತ್ತಿರಬೇಕು.

ಹಂತ 7: ಬ್ರಿಕ್

ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಬ್ರಿಕ್ ಅನ್ನುತ್ತಾರೆ. ಎರಡು ಗಂಟೆ ತುಳಿದ ಕಾಲು ಓಡಲು ಹೋದರೆ ತನ್ನದಲ್ಲ ಅನ್ನಿಸುತ್ತದೆ. ಹತ್ತು ನಿಮಿಷಕ್ಕೆ ಸರಿಹೋಗುತ್ತದೆ, ಆ ಹತ್ತು ನಿಮಿಷ ಮೊದಲೇ ಪರಿಚಯವಾಗಿರಬೇಕು. ಐದನೇ ತಿಂಗಳಿಂದ ಎರಡು ವಾರಕ್ಕೊಮ್ಮೆ ಭಾನುವಾರದ ಸೈಕಲ್ ಮುಗಿಸಿ, ಮನೆ ಗೇಟಿಗೆ ಒರಗಿಸಿ, ಶೂ ಬದಲಿಸಿ 15–20 ನಿಮಿಷ ಓಡಿ. ಕಾಫಿ ಕುಡಿದು ಓಡಿದರೆ ಅದು ಬ್ರಿಕ್ ಅಲ್ಲ.

ಹಂತ 8: ತಿನ್ನುವುದು, ಕುಡಿಯುವುದು

ಬೆಣ್ಣೆ ದೋಸೆ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಸವಾರಿ ಮುಗಿದ ಮೇಲೆ ತಿನ್ನಿ. ಮೊದಲು ತಿಂದರೆ ಬೆಣ್ಣೆ ಹೊಟ್ಟೆಯಲ್ಲೇ ಕೂತು ಎರಡು ಗಂಟೆ ತೇಗು ಬರುತ್ತದೆ. ಹೊರಡುವ ಮೊದಲು ಎರಡು ಬಾಳೆಹಣ್ಣು, ಅವಲಕ್ಕಿ, ಇಡ್ಲಿ ಇಂಥದ್ದು ಹಗುರ.

ಒಂದೂವರೆ ಗಂಟೆಗಿಂತ ಉದ್ದದ ಅಭ್ಯಾಸದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ–ಪಿಷ್ಟದ ಅಂಶ, ಒಳಗೆ ಹೋಗಬೇಕು. ಒಂದು ಏಲಕ್ಕಿ ಬಾಳೆಹಣ್ಣಿನಲ್ಲಿ ಹೆಚ್ಚು ಕಡಿಮೆ 12–15 ಗ್ರಾಂ ಸಿಗುತ್ತದೆ. ಬೆಲ್ಲ ಬಹುಪಾಲು ಸಕ್ಕರೆಯೇ, 20 ಗ್ರಾಂ ತುಂಡಿನಲ್ಲಿ 17–18 ಗ್ರಾಂ. ಖರ್ಜೂರ, ಶೇಂಗಾ ಚಿಕ್ಕಿ ಕೂಡ ಆಗುತ್ತದೆ. ಅಂಗಡಿಯ ಜೆಲ್, ಅಂದರೆ ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ, ಕಡ್ಡಾಯವೇನಲ್ಲ. ಮಂಡಕ್ಕಿ ಬೇಡ, ಚೀಲ ತುಂಬ ಒಯ್ದರೂ ತೂಕವೇ ಇರಲ್ಲ. ಹಸಿವಾಗುವ ತನಕ ಕಾಯಬೇಡಿ, ಅರ್ಧ ಗಂಟೆಗೊಮ್ಮೆ ಗಡಿಯಾರ ನೋಡಿ ತಿನ್ನಿ.

ಓಆರ್‌ಎಸ್ ಕುಡಿದರೆ ಶಕ್ತಿ ಬಂತು ಅಂದುಕೊಳ್ಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಉಪ್ಪು, ನೀರಿಗೆ ಸರಿ, ತುಳಿಯುವ ಶಕ್ತಿಗೆ ಸಾಲದು. ಮನೆಯಲ್ಲೇ ಮಾಡಿಕೊಳ್ಳಿ: 1 ಲೀಟರ್ ನೀರಿಗೆ 50 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ನಿಂಬೆ ಪಾನಕಕ್ಕೆ ಉಪ್ಪು ಹಾಕಿದ ಹಾಗೆ, ಅಷ್ಟೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬೇಡಿ.

ಎಷ್ಟು ಕುಡಿಯಬೇಕು ಅನ್ನುವುದಕ್ಕೆ ತಕ್ಕಡಿ ಸಾಕು. ಹೊರಡುವ ಮೊದಲು ತೂಕ ನೋಡಿ. ಎರಡು ಗಂಟೆ ತುಳಿದು ಬಂದು, ಬೆವರು ಒರೆಸಿ ಮತ್ತೆ ನೋಡಿ. 1 ಕಿಲೋ ಇಳಿದಿದೆ, ದಾರಿಯಲ್ಲಿ 1 ಲೀಟರ್ ಕುಡಿದಿದ್ದೀರಿ ಅಂದರೆ ಹೋದ ಬೆವರು 2 ಲೀಟರ್, ಗಂಟೆಗೆ 1 ಲೀಟರ್. ಏಪ್ರಿಲ್‌ನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಿದರೆ ನಿಮ್ಮದೇ ಲೆಕ್ಕ ಸಿಗುತ್ತದೆ. ಹೋದದ್ದನ್ನೆಲ್ಲ ಅಲ್ಲಲ್ಲೇ ತುಂಬಬೇಕಾಗಿಲ್ಲ. ತೂಕ ಏರಿದ್ದರೆ ಮಾತ್ರ ಎಚ್ಚರ. ಗಂಟೆಗಟ್ಟಲೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಆಗಿ ಪ್ರಾಣಕ್ಕೇ ತೊಂದರೆ.

ಹಂತ 9: ಕೊನೆಯ ಮೂರು ವಾರ

ದೊಡ್ಡ ಸವಾರಿ, ದೊಡ್ಡ ಓಟ ಸ್ಪರ್ಧೆಗೆ ಮೂರು ವಾರ ಇರುವಾಗಲೇ ಮುಗಿಯಬೇಕು. ಆಮೇಲಿನದು ಟೇಪರ್, ಅಂದರೆ ಅಭ್ಯಾಸ ಇಳಿಸುತ್ತಾ ಬರುವುದು. ಎರಡು ವಾರ ಇರುವಾಗ ಮೂರನೇ ಒಂದು ಭಾಗ, ಕೊನೆಯ ವಾರ ಅರ್ಧಕ್ಕಿಂತ ಹೆಚ್ಚು ಇಳಿಸಿ. ಆಗ ಮೈ ಭಾರ ಅನ್ನಿಸುತ್ತದೆ, ಇಲ್ಲದ ನೋವು ಕಾಣುತ್ತದೆ, "ಕಡಿಮೆಯಾಯ್ತೇನೋ" ಅಂತ ಇನ್ನೊಂದು 90 ಕಿ.ಮೀ ತುಳಿಯುವ ಆಸೆ ಬರುತ್ತದೆ. ತುಳಿಯಬೇಡಿ. ಹೊಸ ಶೂ, ಹೊಸ ಸೀಟು, ಹೊಸ ಜೆಲ್ ಯಾವುದೂ ಆ ವಾರ ಬೇಡ.

ಸೈಕಲ್ ಪ್ಯಾಕ್ ಮಾಡುವುದನ್ನು ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಪೆಡಲ್ ಬಿಚ್ಚುವಾಗ ಎಡಗಡೆಯದರ ಮರೆ ಉಲ್ಟಾ ಅನ್ನುವುದು ನೆನಪಿರಲಿ. ಗೇರ್ ನೇತಾಡುವ ಕೊಕ್ಕೆಗೆ ರಟ್ಟು ಸುತ್ತಿ, ಅದು ಬಾಗಿದರೆ ಅಲ್ಲಿ ರಿಪೇರಿಗೆ ಓಡಾಟ. ಎರಡು ದಿನ ಮುಂಚೆ ತಲುಪಿ, ಸಮುದ್ರದಲ್ಲಿ ಅಭ್ಯಾಸಕ್ಕೆ ಬಿಟ್ಟರೆ ಒಂದು ಸಲ ಇಳಿಯಿರಿ. ಈಜು ಶುರುವಾಗುವಾಗ ಗುಂಪಿನ ಹಿಂದೆ, ಪಕ್ಕಕ್ಕೆ ನಿಲ್ಲಿ. ಕೈ ಕಾಲು ತಾಗುವುದು ಕಡಿಮೆ. ಉಸಿರು ಕಟ್ಟಿದ ಹಾಗಾದರೆ ಬೆನ್ನ ಮೇಲೆ ತಿರುಗಿ ತೇಲಿ, ಕೈ ಎತ್ತಿದರೆ ದೋಣಿಯವರು ಬರುತ್ತಾರೆ. ಸುಮ್ಮನೆ ದೋಣಿ ಹಿಡಿದುಕೊಂಡು ಸುಧಾರಿಸಿಕೊಳ್ಳಲು ಸಾಮಾನ್ಯವಾಗಿ ಬಿಡುತ್ತಾರೆ, ಅದರಿಂದ ಮುಂದಕ್ಕೆ ಹೋಗಬಾರದು ಅಷ್ಟೆ.

ಆಫೀಸಿಗೆ ರಜೆ ಹಾಕುವಾಗ ಸ್ಪರ್ಧೆಯ ಮರುದಿನವನ್ನೂ ಸೇರಿಸಿ, ಆಗಿದ್ದರೆ ಅದರ ಮರುದಿನವನ್ನೂ. ಭಾನುವಾರ ರಾತ್ರಿ ಬಸ್ಸಿನಲ್ಲಿ ಕೂತು ಸೋಮವಾರ ಹತ್ತಕ್ಕೆ ಕೌಂಟರ್‌ನಲ್ಲಿ ಇರುತ್ತೇನೆ ಅನ್ನುವ ಲೆಕ್ಕ ಹಾಕಿದವರು ಆಫೀಸಿನ ಮೆಟ್ಟಿಲು ಇಳಿಯಲು ಕಂಬಿ ಹಿಡಿದುಕೊಳ್ಳಬೇಕಾಗುತ್ತದೆ.